ಅಲುಗದೆ ಉಳಿದ ಕಮಾನು

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಮೂರು ಬಣ್ಣಗಳನ್ನು ತಿಳಿದುಕೊಳ್ಳಬೇಕು. ಕಂಪ್ಯೂಟರಿನಲ್ಲಿ ಒಂದು ಭಾಗದ ಚಿತ್ರ ಬರೆಯುವಾಗ, ಇನ್ನೂ ಪೂರ್ತಿ ಅಳತೆ ಸಿಗದ, ಮೌಸಿನಿಂದ ಹಿಡಿದೆಳೆದರೆ ಸರಿಯುವ ಗೆರೆ ನೀಲಿ. ಬೇಕಾದ ಅಳತೆಯೆಲ್ಲ ಸಿಕ್ಕಿ ಜಾಗ ಬಿಟ್ಟು ಕದಲದ ಗೆರೆ ಕಪ್ಪು. ಒಂದಕ್ಕೊಂದು ಹೊಂದದ ಅಳತೆ ಕೊಟ್ಟಿರೋ, ಎಲ್ಲ ಕೆಂಪು. ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ್ದು ಇಷ್ಟೇ. ನೀಲಿಯನ್ನು ಕಪ್ಪು ಮಾಡಿದೆ, ಕೆಂಪು ಬಂದಾಗ ಕಾರಣ ಹುಡುಕಿದೆ. ಆದರೆ ಈಗ ಮನೆಯಲ್ಲಿ ಕೂತು ಲೆಕ್ಕ ಹಾಕಿದರೆ, ಕೆಂಪು ಗೆರೆಗೆ ಹೆದರಿದ್ದಕ್ಕಿಂತ ಕಪ್ಪು ಗೆರೆಗೆ ಹೆದರಿದ್ದೇ ಹೆಚ್ಚು ಅನ್ನಿಸುತ್ತದೆ. ಅದಕ್ಕೆ ಕಾರಣವಿದೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಯಲಹಂಕ ದಾಟಿ ಒಳರಸ್ತೆಯಲ್ಲಿದ್ದ ಒಂದು ಸಣ್ಣ ಟೂಲ್‌ರೂಮು. ತಗಡನ್ನು ಒತ್ತಿ ಭಾಗಗಳನ್ನು ತೆಗೆಯುವ ಡೈಗಳನ್ನು, ಅಂದರೆ ಉಕ್ಕಿನ ಅಚ್ಚುಗಳನ್ನು, ಬೇರೆ ಕಾರ್ಖಾನೆಗಳಿಗೆ ಮಾಡಿಕೊಡುವುದು ಅಲ್ಲಿನ ಕೆಲಸ. ಮೇಲಿನ ಮಹಡಿಯಲ್ಲಿ ಡಿಸೈನ್ ರೂಮು, ಕೆಳಗೆ ಯಂತ್ರಗಳು. ನಾನು ಗದಗಿನಲ್ಲಿ ಐಟಿಐ ಡ್ರಾಫ್ಟ್ಸ್‌ಮನ್ ಕಲಿತು, ಮದುವೆಯಾಗಿ ಗಂಗಾನಗರಕ್ಕೆ ಬಂದವಳು. ಬೆಳಿಗ್ಗೆ ಐದೂವರೆಗೆ ಎದ್ದು, ಎರಡು ಡಬ್ಬಿ ಕಟ್ಟಿ, ಹೆಬ್ಬಾಳದಲ್ಲಿ ಬಸ್ಸು ಬದಲಿಸಿ, ಒಂಬತ್ತಕ್ಕೆ ಕಾಲು ಗಂಟೆ ಮೊದಲೇ ಕಾರ್ಡು ಒತ್ತುತ್ತಿದ್ದೆ. ಡಿಸೈನ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಧೂಳು ಕಂಪ್ಯೂಟರಿಗೆ ಆಗದು ಎಂದು ಶುರುವಾದ ನಿಯಮವದು. ಹೀಗಾಗಿ ಕೆಳಗಿನವರು ಯಾರಾದರೂ ಮೇಲೆ ಬಂದಿದ್ದಾರೆಯೇ ಎಂಬುದು ಬಾಗಿಲ ಹೊರಗಿನ ಎಣ್ಣೆ ಮೆತ್ತಿದ ಶೂಗಳಿಂದಲೇ ತಿಳಿಯುತ್ತಿತ್ತು. ಅವರು ಬಂದರೆಂದರೆ ನಮ್ಮ ಗೆರೆಯಲ್ಲಿ ಏನೋ ತಪ್ಪಾಗಿದೆ ಎಂದೇ ಅರ್ಥ. ಆ ಶೂ ಕಂಡರೆ ನಾನು ಕೂರುವ ಮೊದಲೇ ಹಿಂದಿನ ದಿನದ ಚಿತ್ರವನ್ನು ತೆರೆದು ನೋಡುತ್ತಿದ್ದೆ.

ಮೊದಲ ಕೆಲವು ವರ್ಷ ಬೋರ್ಡಿನ ಮೇಲೆ ಪೆನ್ಸಿಲಿನಲ್ಲೇ ಬರೆದೆವು. ಮೂಲೆಯಲ್ಲಿ ಎರಡು ಗೆರೆ ಕೂಡದೆ ಕೂದಲೆಳೆ ಜಾಗ ಉಳಿದರೂ ಕೆಳಗಿನವರು ಅದು ಮೂಲೆಯೆಂದೇ ತಿಳಿದುಕೊಳ್ಳುತ್ತಿದ್ದರು. ಕಂಪ್ಯೂಟರು ತಿಳಿದುಕೊಳ್ಳುವುದಿಲ್ಲ. ನಾನು ಅದರಲ್ಲಿ ಬರೆದ ಮೊದಲ ಭಾಗದ ಗೆರೆಗಳಿಗೆ ದಪ್ಪ ಕೊಟ್ಟು ಘನರೂಪ ಮಾಡಲು ಹೋದರೆ ಅದು ಒಪ್ಪಲೇ ಇಲ್ಲ. ಗೆರೆಗಳ ಸುತ್ತು ಮುಚ್ಚಿಲ್ಲ ಎಂದು ಹೇಳುತ್ತಲೇ ಇತ್ತು. ನೋಡಿದರೆ ಎಲ್ಲ ಮೂಲೆಯೂ ಕೂಡಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಳಿಸಿ ಬರೆದು, ಅಳಿಸಿ ಬರೆದು, ಊಟ ಬಿಟ್ಟು ಕೂತೆ. ಕೊನೆಗೆ ನಮ್ಮ ಮೇಲಿನ ಶ್ರೀಪಾದ ಸರ್ ಬಂದು ಒಂದು ಮೂಲೆಯನ್ನು ದೊಡ್ಡದು ಮಾಡುತ್ತಾ ಹೋದರು. ಪರದೆ ತುಂಬ ಒಂದೇ ಮೂಲೆ ಆಗುವಷ್ಟು ದೊಡ್ಡದು ಮಾಡಿದ ಮೇಲೆ ಕಂಡಿತು. ಎರಡು ಗೆರೆಗಳು ಒಂದನ್ನೊಂದು ಮುಟ್ಟದೆ ಪಕ್ಕದಲ್ಲೇ ಹಾದುಹೋಗಿದ್ದವು. ಅಂದಿನಿಂದ ನಾನು ಯಾವ ಮೂಲೆಯನ್ನೂ ನಂಬಲಿಲ್ಲ. ಈಗ ತಂತ್ರಾಂಶವೇ ಅಂಥ ಜಾಗಕ್ಕೆ ಕೆಂಪು ಚುಕ್ಕೆ ಹಾಕಿ ತೋರಿಸಿಬಿಡುತ್ತದೆ. ಆದರೂ ಒಮ್ಮೆ ಕೈಯಾರೆ ದೊಡ್ಡದು ಮಾಡಿ ನೋಡಿ.

ಶ್ರೀಪಾದ ಸರ್ ಚೆಕರ್ ಆಗಿದ್ದರು. ಯಾರು ಬರೆದ ಚಿತ್ರವೂ ಅವರ ಸಹಿ ಇಲ್ಲದೆ ಕೆಳಗೆ ಹೋಗುವಂತಿರಲಿಲ್ಲ. ಅವರ ಪರೀಕ್ಷೆ ಸರಳ. ನಿಮ್ಮ ಕುರ್ಚಿಯಲ್ಲಿ ತಾವು ಕೂತು, ಮೌಸಿನಿಂದ ಒಂದೊಂದೇ ಗೆರೆಯನ್ನು ಹಿಡಿದು ಎಳೆಯುವುದು. ಒಂದು ಗೆರೆ ಅಲುಗಿದರೂ ಎದ್ದುಹೋಗುತ್ತಿದ್ದರು. ಏನೂ ಬೈಯುತ್ತಿರಲಿಲ್ಲ. ಆ ಮೌನಕ್ಕೆ ನಾವೆಲ್ಲ ಹೆದರುತ್ತಿದ್ದೆವು. ಇನ್ನೊಂದು ಮಾತನ್ನು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ತಂತ್ರಾಂಶದಲ್ಲಿ ‘ಫಿಕ್ಸ್’ ಎಂಬ ಒಂದು ಗುಂಡಿ ಇದೆ. ಯಾವ ಗೆರೆಯನ್ನು ಆರಿಸಿ ಅದನ್ನು ಒತ್ತಿದರೂ ಗೆರೆ ಇದ್ದಲ್ಲೇ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತದೆ. ಅಳತೆ ಕೊಡದೆಯೇ ಕಪ್ಪಾಗುತ್ತದೆ. ಅದನ್ನು ಯಾರೂ ಮುಟ್ಟಬಾರದು. ಅಳತೆಯಿಂದ ಕಪ್ಪಾದ ಗೆರೆ, ನಾಳೆ ಅಳತೆ ಬದಲಾದರೆ ತಾನೂ ಸರಿಯುತ್ತದೆ. ಮೊಳೆ ಹೊಡೆದ ಗೆರೆ ಸರಿಯುವುದಿಲ್ಲ. ಇದನ್ನು ನಾನು ಆಮೇಲೆ ಬಂದ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ. ನಾನೇ.

ಇನ್ನು ಮುನಿಯಪ್ಪನವರ ವಿಷಯ. ಅವರು ಕೆಳಗೆ ವೈರ್‌ಕಟ್ ಯಂತ್ರ ನಡೆಸುತ್ತಿದ್ದರು. ಕೂದಲಿನಷ್ಟು ತೆಳ್ಳಗಿನ ಹಿತ್ತಾಳೆ ತಂತಿಯಲ್ಲಿ ವಿದ್ಯುತ್ತಿನ ಕಿಡಿ ಹಾಯಿಸಿ, ನಾವು ಮೇಲೆ ಬರೆದ ಗೆರೆಯ ಮೇಲೆಯೇ ಆ ತಂತಿಯನ್ನು ನಡೆಸಿ ಉಕ್ಕನ್ನು ಕೊರೆಯುವ ಯಂತ್ರ ಅದು. ಅವರು ಚಿಕ್ಕಜಾಲದ ಹಳೆಯ ಒಕ್ಕಲು ಮನೆಯವರು. ತಮ್ಮಂದಿರು ಜಮೀನಿನಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟು ಕೂತಿದ್ದರು. ಇವರು ಮಾತ್ರ ದಿನವೂ ಟಿವಿಎಸ್‌ ಮೇಲೆ ಕೆಲಸಕ್ಕೆ ಬರುತ್ತಿದ್ದರು. ಯಂತ್ರ ಬಂದ ದಿನದಿಂದ ಅದನ್ನು ಬೇರೆ ಯಾರಿಗೂ ಬಿಟ್ಟವರಲ್ಲ. ಅದರ ಕೀಲಿಯನ್ನು ಜನಿವಾರದ ಹಾಗೆ ದಾರ ಕಟ್ಟಿ ಮೈಮೇಲೆ ಹಾಕಿಕೊಂಡಿರುತ್ತಾರೆ ಎಂದು ಕೆಳಗಿನವರು ತಮಾಷೆ ಮಾಡುತ್ತಿದ್ದರು. ಅವರ ಮಾತಿನಲ್ಲಿ ಹಕಾರ ಇರಲಿಲ್ಲ. ಹೇಳುವುದು ಏಳುವುದಾಗುತ್ತಿತ್ತು, ಹೋಗುವುದು ಓಗುವುದಾಗುತ್ತಿತ್ತು. ಗದಗಿನ ನನ್ನ ಕಿವಿಗೆ ಅದು ಹೊಂದಲು ಒಂದು ವರ್ಷ ಬೇಕಾಯಿತು.

ಒಮ್ಮೆ ಅವರ ಶೂ ನಮ್ಮ ಬಾಗಿಲಲ್ಲಿ ಕಂಡಿತು. ಅವರು ಒಳಗೆ ಬಂದು ನನ್ನ ಮೇಜಿನ ಹತ್ತಿರ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಅಂದರು: “ಅಮ್ಮಾ, ಬಲಗಡೆ ಕೆಳಗೆ ನಿಮ್ ಗೆರೆ ಒಂದರ ಮ್ಯಾಲೊಂದು ಎಲ್ಡು ಕೂತೈತೆ. ತಂತಿ ಓದ ದಾರೀಲೇ ವಾಪಸ್ ಬತ್ತೈತೆ.”

ತೆರೆದು ನೋಡಿದೆ. ನಿಜವಾಗಿಯೂ ಅಲ್ಲಿ ಒಂದೇ ಜಾಗದಲ್ಲಿ ಎರಡು ಗೆರೆಗಳಿದ್ದವು. ಒಂದರ ಮೇಲೊಂದು ಕೂತ ಗೆರೆ ಪರದೆಯ ಮೇಲೆ ಕಾಣುವುದೇ ಇಲ್ಲ. ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಕಿಡಿಯ ಸದ್ದು ಬದಲಾಯಿತು, ಕೊರೆಯಲು ಉಕ್ಕಿಲ್ಲದೆ ತಂತಿ ಸುಮ್ಮನೆ ಓಡುತ್ತಿತ್ತು, ಅದಕ್ಕೇ ನಿಲ್ಲಿಸಿ ಬಂದೆ ಅಂದರು. ಮ್ಯಾನೇಜರಿಗೆ ಹೇಳಲಿಲ್ಲ. ನಾನು ತಿದ್ದಿಕೊಟ್ಟೆ. ಮುಂದೆಯೂ ಅದನ್ನು ಯಾರ ಎದುರೂ ಎತ್ತಲಿಲ್ಲ. ಅಂಥವರು ಅವರು.

ಈಗ ಹೇಳುವುದು ನನ್ನ ನಿವೃತ್ತಿಗೆ ನಾಲ್ಕು ವರ್ಷವಿದ್ದಾಗ ನಡೆದದ್ದು. ಆಸ್ಪತ್ರೆಯ ಮಂಚಗಳನ್ನು ಮಾಡುವ ಒಂದು ಕಾರ್ಖಾನೆಯವರು ಡೈ ಕೇಳಿದ್ದರು. ರೋಗಿ ಬೀಳದಂತೆ ಮಂಚದ ಪಕ್ಕದಲ್ಲಿ ಎತ್ತಿ ನಿಲ್ಲಿಸುವ ಕಂಬಿ ಇರುತ್ತದಲ್ಲ, ಅದರ ಚಿಲಕದ ತಗಡಿಗೆ. ತಗಡು ಅಂಗೈಯಷ್ಟು ಉದ್ದ. ಅದರಲ್ಲಿ ಎರಡು ರಿವೆಟ್ ತೂತು ಮತ್ತು ಒಂದು ಉದ್ದನೆಯ ಕಂಡಿ. ಕಂಡಿಯ ಒಂದು ತುದಿ ಸಣ್ಣ ಕಮಾನಾಗಿ ಕೆಳಕ್ಕೆ ಬಾಗಿರುತ್ತದೆ. ಕಂಬಿಯನ್ನು ಎತ್ತಿದಾಗ ಪಿನ್ನು ಬಂದು ಕೂರುವುದು ಆ ಕಮಾನಿನಲ್ಲಿ. ರಿವೆಟ್ ತೂತಿನಿಂದ ಕಮಾನಿಗೆ ನಲವತ್ತೆರಡು ಮಿಲಿಮೀಟರ್ ಇರಲೇಬೇಕು. ಅದು ತಪ್ಪಿದರೆ ಪಿನ್ನು ಅರ್ಧ ಮಾತ್ರ ಕೂರುತ್ತದೆ. ರೋಗಿ ಮಗ್ಗುಲಾಗಿ ಒರಗಿದರೆ ಕಂಬಿ ಕೆಳಕ್ಕೆ ಇಳಿದುಬಿಡಬಹುದು.

ಗಿರಾಕಿ ತಮ್ಮ ಹಳೆಯ ಚಿತ್ರವನ್ನೇ ಕಳಿಸಿದ್ದರು. ಬೇರೆ ತಂತ್ರಾಂಶದಿಂದ ಬಂದ ಚಿತ್ರದಲ್ಲಿ ಗೆರೆಗಳಿರುತ್ತವೆ, ಅವುಗಳ ನಡುವಿನ ಸಂಬಂಧ ಇರುವುದಿಲ್ಲ. ಎಲ್ಲ ನೀಲಿ. ಒಂದೊಂದಕ್ಕೇ ಅಳತೆ ಕೊಟ್ಟು ಕಪ್ಪು ಮಾಡುತ್ತಾ ಬಂದೆ. ಸಂಜೆ ಐದರ ಹೊತ್ತಿಗೆ ಉಳಿದದ್ದು ಆ ಕಮಾನು ಒಂದೇ. ಪಕ್ಕದ ಗೆರೆಗೆ ಮುಟ್ಟಿಕೊಂಡು ಹೋಗು ಎಂದು ಹೇಳಿದರೆ ಅದು ತಿರುಗಿ ಆಚೆ ಬದಿಗೆ ಹಾರುತ್ತಿತ್ತು. ನಲವತ್ತೆರಡರ ಅಳತೆ ಕೊಟ್ಟರೆ ಇಡೀ ಚಿತ್ರ ಕೆಂಪಾಗುತ್ತಿತ್ತು. ಏಳೆಂಟು ಸಲ ಮಾಡಿದೆ. ಶ್ರೀಪಾದ ಸರ್ ಐದೂವರೆಗೆ ಹೊರಡುವವರು. ಮರುದಿನದಿಂದ ಅವರ ಮಗಳ ನಿಶ್ಚಿತಾರ್ಥಕ್ಕೆ ಮೂರು ದಿನ ರಜೆ. ಅವರು ಎರಡು ಸಲ ಬಂದು ನನ್ನ ಕುರ್ಚಿಯ ಹಿಂದೆ ನಿಂತು ಹೋದರು. ಕಮಾನು ಆಗ ಸರಿಯಾದ ಜಾಗದಲ್ಲೇ ಇತ್ತು, ಅಳೆದು ನೋಡಿದ್ದೆ. ಫಿಕ್ಸ್ ಒತ್ತಿದೆ. ಕಪ್ಪಾಯಿತು. ನಾಳೆ ಬಂದು ಸರಿಯಾಗಿ ಬಿಡಿಸುತ್ತೇನೆ ಎಂದುಕೊಂಡೆ.

ಶ್ರೀಪಾದ ಸರ್ ಕೂತು ಎಲ್ಲ ಗೆರೆಗಳನ್ನೂ ಎಳೆದರು. ಕಮಾನನ್ನೂ ಎಳೆದರು. ಯಾವುದೂ ಅಲುಗಲಿಲ್ಲ. ಸಹಿ ಹಾಕಿ ಬ್ಯಾಗು ಎತ್ತಿಕೊಂಡರು.

ಮರುದಿನ ಬೇರೆ ಕೆಲಸ ಬಂತು. ಅದರ ಮರುದಿನ ಇನ್ನೊಂದು. ನಾನು ಮರೆತೆ. ಇಲ್ಲಿಗೆ ನನ್ನ ತಪ್ಪಿನ ಮೊದಲ ಭಾಗ ಮುಗಿಯಿತು.

ಎರಡು ವಾರದ ಮೇಲೆ ಗಿರಾಕಿಯಿಂದ ತಿದ್ದುಪಡಿ ಬಂತು. ರಿವೆಟ್ ತೂತುಗಳು ಒಂದೂವರೆ ಮಿಲಿಮೀಟರ್ ಪಕ್ಕಕ್ಕೆ ಸರಿಯಬೇಕು, ಅದರ ಜೊತೆಗೆ ಕಂಡಿಯೂ ಅಷ್ಟೇ ಸರಿಯಬೇಕು. ಸರಿಯಾಗಿ ಕಟ್ಟಿದ ಚಿತ್ರದಲ್ಲಿ ಇದು ಒಂದು ಅಂಕಿ ಬದಲಿಸುವ ಕೆಲಸ. ಬದಲಿಸಿದೆ. ಎಲ್ಲವೂ ಒಟ್ಟಿಗೆ ಸರಿಯಿತು ಎಂದುಕೊಂಡೆ. ಅಷ್ಟು ಸಣ್ಣ ಅಳತೆ ಪರದೆಯ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಗೆರೆಗಳೆಲ್ಲ ಕಪ್ಪಗೇ ಇದ್ದವು. ತೂತುಗಳು ಸರಿದವು, ಕಂಡಿಯ ಆಚೆ ತುದಿ ಸರಿಯಿತು. ನಾನು ಮೊಳೆ ಹೊಡೆದಿದ್ದ ಕಮಾನು ಮಾತ್ರ ಹಳೆಯ ಜಾಗದಲ್ಲೇ ನಿಂತಿತು. ನಲವತ್ತೆರಡು ಇರಬೇಕಾದದ್ದು ನಲವತ್ತೂವರೆ ಆಯಿತು. ಯಾವ ಗೆರೆಯೂ ಅಲುಗದಿದ್ದುದರಿಂದ ಶ್ರೀಪಾದ ಸರ್ ಮತ್ತೆ ಸಹಿ ಹಾಕಿದರು, ಫೈಲು ಕೆಳಗೆ ಹೋಯಿತು.

ಮುನಿಯಪ್ಪನವರು ಡೈ ಕೊರೆಯುವಾಗ, ರಿವೆಟ್ ತೂತು ಮುಗಿದು ಕಂಡಿ ಶುರುವಾಗುವ ಹೊತ್ತಿಗೆ ಕರೆಂಟು ಹೋಯಿತು. ಜನರೇಟರ್ ಎದ್ದ ಮೇಲೆ ತಂತಿಯನ್ನು ಮತ್ತೆ ಪೋಣಿಸಿ, ಜಾಗ ಹೊಂದಿಸಿ ಮುಂದುವರಿಸಿದರು. ಹೀಗೆ ಎಷ್ಟೋ ಸಲ ಮಾಡಿದವರು. ಗುರುವಾರ ಬೆಳಿಗ್ಗೆ ಆ ಡೈಯಲ್ಲಿ ಮೊದಲ ತಗಡು ಒತ್ತಿದರು. ತಪಾಸಣೆಯಲ್ಲಿ ಅಳತೆ ಪರೀಕ್ಷಿಸುವ ಗೇಜು ಅದರಲ್ಲಿ ಕೂರಲಿಲ್ಲ. ಒಂದೂವರೆ ಮಿಲಿಮೀಟರ್ ವ್ಯತ್ಯಾಸ. ತೂತು ಸರಿ ಇದೆ, ಕಂಡಿ ತಪ್ಪಿದೆ, ನಡುವೆ ಕರೆಂಟು ಹೋಗಿತ್ತು. ಇನ್ನೇನು ಬೇಕು? ತಪ್ಪು ಮುನಿಯಪ್ಪನವರದೇ ಎಂದು ಮ್ಯಾನೇಜರು ಐದು ನಿಮಿಷದಲ್ಲಿ ತೀರ್ಮಾನ ಮಾಡಿದರು. ಮುನಿಯಪ್ಪನವರು ವಾದ ಮಾಡಲಿಲ್ಲ. ಊಟದ ಹೊತ್ತಿನಲ್ಲಿ ಕೈ ತೊಳೆಯುವ ನಲ್ಲಿಯ ಹತ್ತಿರ ಸಿಕ್ಕಾಗ ನನ್ನೆದುರಿಗೇ ಹೇಳಿದರು: “ಕರೆಂಟ್ ಓದಾಗ ನಾನೇ ಎಲ್ಲೋ ಎಡವಿರ್ಬೇಕು ಕಣಮ್ಮ. ಜಾಗ ಸರಿಯಾಗೇ ನೋಡಿದ್ನಪ್ಪ ಅನ್ಸ್ತೈತೆ. ಕಣ್ಣು ಕೈ ಕೊಡ್ತೋ ಏನೋ.”

ಪಾಪ ಅನ್ನಿಸಿತು. ಅವರಿಗೆ ಸಮಾಧಾನ ಹೇಳಬಹುದಾದ ಕಾರಣ ಏನಾದರೂ ಸಿಗಬಹುದೇ ಎಂದು, ಆ ತಗಡನ್ನು ಕೇಳಿ ತೆಗೆದುಕೊಂಡು ಮೇಲೆ ಬಂದೆ. ಅಳತೆಯ ವರ್ನಿಯರ್ ಹಿಡಿದು ಕಂಡಿಯ ಎರಡೂ ತುದಿಗಳನ್ನು ಅಳೆದೆ. ಕಮಾನಿನ ತುದಿ ಒಂದೂವರೆ ತಪ್ಪಿತ್ತು. ಆಚೆ ತುದಿ ಸರಿಯಾಗಿತ್ತು.

ಮತ್ತೊಮ್ಮೆ ಅಳೆದೆ. ಯಂತ್ರದ ಜಾಗ ತಪ್ಪಿದ್ದರೆ ಇಡೀ ಕಂಡಿ ಸರಿಯಬೇಕಿತ್ತು, ಎರಡು ತುದಿಯೂ ತಪ್ಪಬೇಕಿತ್ತು. ಒಂದು ತುದಿ ಮಾತ್ರ ಹಿಂದೆ ಉಳಿಯಬೇಕಾದರೆ ಗೆರೆಯೇ ಹಾಗಿರಬೇಕು. ಗೇಜು ಒಂದೇ ತುದಿಯನ್ನು ನೋಡುವಂಥದ್ದು, ಹಾಗಾಗಿ ಇನ್ನೊಂದನ್ನು ಯಾರೂ ಅಳೆದಿರಲಿಲ್ಲ. ಫೈಲು ತೆರೆದೆ. ಕಮಾನಿನ ಮೇಲೆ ಫಿಕ್ಸಿನ ಸಣ್ಣ ಗುರುತು ಇತ್ತು. ಅದನ್ನು ಇಟ್ಟ ಸಂಜೆ ಪೂರ್ತಿ ನೆನಪಾಯಿತು.  ಡಬ್ಬಿಯಲ್ಲಿದ್ದ ಚಪಾತಿಯನ್ನು ಹಾಗೇ ಮನೆಗೆ ವಾಪಸು ತಂದೆ.

ಶುಕ್ರವಾರ ಬೆಳಿಗ್ಗೆ, ಹೊಸ ಉಕ್ಕಿನಲ್ಲಿ ಡೈಯನ್ನು ಮತ್ತೆ ಕೊರೆಯುವುದು, ಅದೇ ಯಂತ್ರದಲ್ಲಿ ಈ ಸಲ ಲೋಕೇಶ ಕೊರೆಯುವುದು ಎಂದು ತೀರ್ಮಾನವಾಗಿತ್ತು. ಲೋಕೇಶ ಪಕ್ಕದ ಯಂತ್ರದವನು, ಕೆಲಸ ಬಲ್ಲವನು. ನನಗೆ ಆಗ ಹೊಳೆದದ್ದು ಒಂದೇ. ಎರಡನೆಯ ಉಕ್ಕೂ ಹಾಳಾಗಬಾರದು. ಫಿಕ್ಸ್ ತೆಗೆದೆ. ನಿಧಾನಕ್ಕೆ ಕೂತು ಕಮಾನನ್ನು ಅಳಿಸಿ ಹೊಸದಾಗಿ ಬರೆದೆ, ನಲವತ್ತೆರಡು ಕೊಟ್ಟೆ. ಹದಿನೈದು ನಿಮಿಷದ ಕೆಲಸ. ಅದೇ ಹೆಸರಿನಲ್ಲಿ ಉಳಿಸಿ, ಹಳೆಯದನ್ನು ಬಿಟ್ಟು ಫೈಲನ್ನು ಹೊಸದಾಗಿ ತೆಗೆದುಕೋ ಎಂದು ಲೋಕೇಶನಿಗೆ ಹೇಳಿದೆ. ಯಾಕೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೊದಲು ಕೆಲಸ ಸರಿಯಾಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಿದ್ದೆ. ಅದರಿಂದ ಮುಂದೆ ಏನಾಗುತ್ತದೆ ಎಂದು ಯೋಚಿಸಲೇ ಇಲ್ಲ.

ಶನಿವಾರ ತಗಡು ಒತ್ತಿದರು. ಗೇಜು ಸರಿಯಾಗಿ ಕೂತಿತು. ಮ್ಯಾನೇಜರು ಎರಡೂ ತಗಡುಗಳನ್ನು ಅಕ್ಕಪಕ್ಕ ಇಟ್ಟು ಮುನಿಯಪ್ಪನವರನ್ನು ಕರೆದರು. ನಾನು, ಶ್ರೀಪಾದ ಸರ್ ಅಲ್ಲೇ ಇದ್ದೆವು.

“ಫೈಲ್ ಅದೇ, ಮಷೀನ್ ಅದೇ. ಕೈ ಮಾತ್ರ ಬೇರೆ. ನಾನಿನ್ನೇನ್ ಹೇಳ್ಲಿ ಮುನಿಯಪ್ಪ?”

“ಏನೂ ಏಳ್ಬೇಡಿ ಸಾರ್. ನಂಗೇ ಗೊತ್ತಾಯ್ತದೆ.”

ಫೈಲು ಅದೇ ಅಲ್ಲ ಎಂದು ಬಲ್ಲವಳು ಆ ಜಾಗದಲ್ಲಿ ನಾನೊಬ್ಬಳೇ. ಬಾಯಿ ತೆರೆಯಲಿಲ್ಲ. ನಾನು ಮುಚ್ಚಿಟ್ಟು ತಿದ್ದಿದ್ದೇ ಅವರ ಮೇಲೆ ಹೊರಿಸಿದ ತಪ್ಪಿಗೆ ಸಾಕ್ಷಿಯಾಯಿತು. ಮುನಿಯಪ್ಪನವರು ಕೊರಳಿಂದ ದಾರ ತೆಗೆದು ಕೀಲಿಯನ್ನು ಮೇಜಿನ ಮೇಲಿಟ್ಟರು. ಸೋಮವಾರದಿಂದ ಅವರಿಗೆ ಸ್ಟೋರ್ಸಿನಲ್ಲಿ ಕೆಲಸ. ಲೋಕೇಶ ಕೆಟ್ಟವನಲ್ಲ, ತನಗೆ ತೋಚಿದ ಹಾಗೆ ಸಮಾಧಾನ ಹೇಳಿದ: “ಬೇಜಾರ್ ಮಾಡ್ಕೋಬೇಡಿ ಅಣ್ಣ. ವಯಸ್ಸಾದ್ಮೇಲೆ ಎಲ್ರಿಗೂ ಆಗತ್ತೆ. ಬೋಲ್ಟ್ ನಟ್ ಎಣಿಸ್ಕೊಂಡು ಆರಾಮಾಗಿರಿ.” ಸುತ್ತಲಿದ್ದವರು ನಕ್ಕರು. ಮುನಿಯಪ್ಪನವರೂ ಸ್ವಲ್ಪ ನಕ್ಕರು.

ಆ ದಿನಗಳನ್ನು ಹೇಗೆ ಕಳೆದೆ ಎಂದು ಬರೆಯುವುದು ಕಷ್ಟ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಹೆಬ್ಬಾಳದಲ್ಲಿ ಇಳಿಯುವುದು ಮರೆತು ಮುಂದಕ್ಕೆ ಹೋದೆ. ಕಂಪ್ಯೂಟರಿನಲ್ಲಿ ಹಳೆಯ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆರೆದು ಬೇರೆ ಎಲ್ಲಾದರೂ ಫಿಕ್ಸ್ ಒತ್ತಿದ್ದೇನೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಸಿಗದಿದ್ದುದಕ್ಕೂ ಸಮಾಧಾನವಾಗಲಿಲ್ಲ. ಸ್ಟೋರ್ಸಿನ ಜಾಲರಿ ಬಾಗಿಲ ಮುಂದೆ ಹಾದುಹೋಗದೆ ಕ್ಯಾಂಟೀನಿಗೆ ದಾರಿಯಿರಲಿಲ್ಲ, ಹಾಗಾಗಿ ಚಹಾ ಬಿಟ್ಟೆ. ನಮ್ಮ ಮನೆಯವರು ಯಲಹಂಕದ ಕಾಲೇಜೊಂದರಲ್ಲಿ ಗುಮಾಸ್ತರು. ಬಹಳ ಮಾತಿನವರಲ್ಲ. ಮೂರನೆಯ ದಿನ ತಟ್ಟೆ ನೋಡಿ, “ಏನ್ ಆಗೇತಿ? ನನಗ ಹೇಳಬ್ಯಾಡ, ಯಾರಿಗೆ ಹೇಳಬೇಕೋ ಅವರಿಗರ ಹೇಳು” ಅಂದರು.

ಬುಧವಾರ ಶ್ರೀಪಾದ ಸರ್‌ಗೆ ಹೇಳಿದೆ. ಅವರು ಎದ್ದು ರೂಮಿನ ಬಾಗಿಲು ಹಾಕಿ ಬಂದು ಕೂತರು. 

“ಸಹಿ ನಂದೂ ಇದೆ ಗಿರಿಜಾ. ಎಳೆದು ನೋಡಿದೆ, ಅಲುಗಲಿಲ್ಲ. ಯಾಕೆ ಅಲುಗಲಿಲ್ಲ ಅಂತ ನೋಡ್ಲಿಲ್ಲ.”

ಈಗ ಏನು ಮಾಡೋಣ ಸರ್ ಎಂದೆ.

“ಡೈ ಸರಿಯಾಗಿದೆ, ಗಿರಾಕಿಗೆ ಹೋಗಿದೆ. ಮುನಿಯಪ್ಪನ್ನ ಕೆಲಸದಿಂದ ತೆಗೆದಿಲ್ವಲ್ಲ. ಈಗ ಎಬ್ಬಿಸಿದ್ರೆ ಕೆಳಗಿನವ್ರು ಯಾರೂ ನಮ್ಮ ಫೈಲನ್ನ ನಂಬಲ್ಲ. ಸ್ವಲ್ಪ ದಿನ ಬಿಡಿ.”

ನಾನು ಇಪ್ಪತ್ತು ವರ್ಷ ಹೆದರಿ ನಡೆದ ಮನುಷ್ಯ ಹೆದರಿದ್ದನ್ನು ಅಂದು ನೋಡಿದೆ. ಅವರನ್ನು ಬೈಯಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಸ್ವಲ್ಪ ದಿನ ಬಿಡಿ ಎಂಬ ಮಾತು ನನಗೂ ಬೇಕಾಗಿತ್ತು. ಇನ್ನೂ ಐದು ದಿನ ಬಿಟ್ಟೆ.

ಸೋಮವಾರ ಸಂಜೆ ಕಾರ್ಖಾನೆಯ ಹತ್ತಿರದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಎದುರು ಬದಿಯಲ್ಲಿ ಮುನಿಯಪ್ಪನವರು ಬಸ್ಸಿಗೆ ಕಾಯುತ್ತಿದ್ದರು. ಟಿವಿಎಸ್ ಇರಲಿಲ್ಲ. ಒಂದು ಬಸ್ಸು ಬಂತು. ಅವರು ಪಕ್ಕದಲ್ಲಿದ್ದ ಹೆಂಗಸಿನ ಕಡೆ ತಿರುಗಿ ಏನೋ ಕೇಳಿದರು, ಅವಳು ಇಲ್ಲವೆಂದು ತಲೆಯಾಡಿಸಿದಳು, ಇವರು ಹತ್ತಲಿಲ್ಲ. ಇನ್ನೊಂದು ಬಸ್ಸು ಬಂದಾಗಲೂ ಹಾಗೇ ಕೇಳಿದರು. ನಾನು ರಸ್ತೆ ದಾಟಿ ಹೋದೆ. ಗಾಡಿ ಎಲ್ಲಿ ಎಂದು ಕೇಳಿದೆ.

“ಮನೇಲಿ ಬುಟ್ಟಿವ್ನಿ. ಮೊಮ್ಮಗೀನ ಸ್ಕೂಲಿಗೆ ಬುಡಾದೂ ಸೊಸೆಗೇ ಏಳಿವ್ನಿ. ಒಂದೂವರೆ ಮಿಲಿಮೀಟ್ರು ಕಾಣ್ದಿರೋನು ರೋಡ್ನಲ್ಲಿ ಗಾಡಿ ಓಡ್ಸಾದು ಬ್ಯಾಡ.”

ಬಸ್ಸಿನ ಬೋರ್ಡು ಕಾಣುವುದಿಲ್ಲವೇ ಎಂದೆ.

“ಕಾಣ್ತೈತೆ. ಆದ್ರೂ ಒಂದ್ ಮಾತು ಕೇಳ್ಬುಟ್ಟು ಅತ್ತಾದು ಒಳ್ಳೇದು.”

ಅಲ್ಲೇ ಹೇಳಿದೆ. ಮೊದಲಿಂದ ಹೇಳಿದೆ. ಫಿಕ್ಸ್ ಒತ್ತಿದ್ದು, ತಿದ್ದುಪಡಿ ಬಂದದ್ದು, ಕಂಡಿಯ ಎರಡು ತುದಿ ಅಳೆದದ್ದು, ಲೋಕೇಶನಿಗೆ ಬೇರೆ ಫೈಲು ಕೊಟ್ಟದ್ದು. “ನಿಮ್ಮ ಕಣ್ಣು ಛಲೋ ಅದಾವ್ರಿ ಮುನಿಯಪ್ಪಣ್ಣ. ತಪ್ಪು ನಂದೈತ್ರಿ” ಅಂದೆ. ನಡುವೆ ಅವರ ಬಸ್ಸು ಬಂದು ನಿಂತು ಹೋಯಿತು. ಅವರು ಅದರ ಕಡೆ ನೋಡಲಿಲ್ಲ.

“ಎಷ್ಟ್ ದಿನ ಆಯ್ತು ಗೊತ್ತಾಗಿ?”

“ಹನ್ನೊಂದು ದಿನ್ರಿ.”

“ಅನ್ನೊಂದ್ ದಿನ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಹೀಗಂದರು: “ನನ್ ಒಬ್ಬಂಗೆ ಇಲ್ಲಿ ಏಳುದ್ರೆ ಆಗಾಕಿಲ್ಲ ಕಣಮ್ಮ. ಮಿಷಿನ್ ಅತ್ರ ಬಂದು ಎಲ್ಲಾರ್ ಮುಂದೆ ಏಳಿ. ಅವತ್ತು ನಕ್ಕೋರು ಎಲ್ಲಾ ಇರ್ಬೇಕು.”

ಮಂಗಳವಾರ ಬೆಳಿಗ್ಗೆ ಮ್ಯಾನೇಜರನ್ನೂ ಕೆಳಗಿನವರೆಲ್ಲರನ್ನೂ ಯಂತ್ರದ ಹತ್ತಿರ ಕರೆದೆ. ಹಳೆಯ ಫೈಲನ್ನು ನಾನು ಅಳಿಸಿ ಬರೆದಿದ್ದೆ, ಆದರೆ ವೈರ್‌ಕಟ್ ಯಂತ್ರದ ನೆನಪಿನಲ್ಲಿ ಹಳೆಯ ಗೆರೆ ಇನ್ನೂ ಉಳಿದಿತ್ತು. ಅದನ್ನು ಯಂತ್ರದ ಪರದೆಗೆ ತಂದು, ಕೆಟ್ಟ ತಗಡನ್ನು ಕೈಗೆ ತೆಗೆದುಕೊಂಡು, ಕಂಡಿಯ ಎರಡೂ ತುದಿಗಳನ್ನು ಎಲ್ಲರೆದುರು ಅಳೆದು ತೋರಿಸಿದೆ. ಲೋಕೇಶ ಮುಂದೆ ಬಂದು ವರ್ನಿಯರ್ ತೆಗೆದುಕೊಂಡು ತಾನೂ ಅಳೆದ. ಅಳೆದು, ತಲೆ ಎತ್ತದೆ, “ಮೇಡಂ ಹೇಳ್ತಿರೋದು ಕರೆಕ್ಟು ಸಾರ್” ಅಂದ. ಹೀಗೆ ಎಲ್ಲರೆದುರು ಹೇಳುತ್ತೇನೆಂದು ಶ್ರೀಪಾದ ಸರ್‌ಗೆ ನಾನು ಮೊದಲೇ ತಿಳಿಸಿರಲಿಲ್ಲ. ಅವರು ಮೆಟ್ಟಿಲಿಳಿದು ಬಂದು ಗುಂಪಿನ ಹಿಂದೆ ನಿಂತಿದ್ದರು. ಆ ಚಿತ್ರಕ್ಕೆ ಸಹಿ ಹಾಕಿದ್ದು ತಾನು, ಮೆಮೊ ಇಬ್ಬರಿಗೂ ಕೊಡಬೇಕು ಎಂದು ಅಲ್ಲಿಂದಲೇ ಹೇಳಿದರು. ಅವರ ಧ್ವನಿ ಅಷ್ಟು ಸಣ್ಣದಾಗಿದ್ದುದನ್ನು ನಾನು ಕೇಳಿರಲಿಲ್ಲ.

ಮೆಮೊ ಇಬ್ಬರಿಗೂ ಬಂತು. ಆರು ತಿಂಗಳು ನನ್ನ ಯಾವ ಫೈಲೂ ಇಬ್ಬರ ಸಹಿ ಇಲ್ಲದೆ ಕೆಳಗೆ ಹೋಗಬಾರದು ಎಂದಾಯಿತು. ನ್ಯಾಯವೇ. ಶ್ರೀಪಾದ ಸರ್ ಚೆಕ್‌ಲಿಸ್ಟಿನಲ್ಲಿ ಹೊಸ ಸಾಲು ಸೇರಿಸಿದರು. ಗೆರೆಯನ್ನು ಎಳೆದು ನೋಡಿದರೆ ಸಾಲದು, ಅದಕ್ಕೆ ಕೊಟ್ಟಿರುವ ಸಂಬಂಧಗಳ ಪಟ್ಟಿಯನ್ನೂ ತೆರೆದು ಓದಬೇಕು. ಒಂದು ಅಳತೆಯನ್ನು ಬೇಕೆಂದೇ ಬದಲಿಸಿ, ಸರಿಯಬೇಕಾದದ್ದೆಲ್ಲ ಸರಿಯಿತೇ ಎಂದು ನೋಡಬೇಕು. ಇಂದು ನೀವು ಎಲ್ಲಿ ಕೆಲಸಕ್ಕೆ ಸೇರಿದರೂ ಈ ಎರಡನ್ನು ಮಾಡಿ. ಒಂದೇ ಗುಂಡಿಯಲ್ಲಿ ಎಲ್ಲ ಗೆರೆಗಳನ್ನೂ ಕಪ್ಪು ಮಾಡಿಕೊಡುವ ಸೌಕರ್ಯ ಈಗ ಬಂದಿದೆಯಂತೆ. ಬರಲಿ. ಕಪ್ಪಾದ ಮೇಲೆ ಯಾಕೆ ಕಪ್ಪಾಯಿತು ಎಂದು ಕೇಳಿಕೊಳ್ಳಿ. ತಪ್ಪಾದರೆ, ತಿದ್ದುವ ಮೊದಲು ಹೇಳಿ. ತಿದ್ದಿದ ಮೇಲೆ ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಮ್ಯಾನೇಜರು ಮುನಿಯಪ್ಪನವರ ಕ್ಷಮೆ ಕೇಳಲಿಲ್ಲ. ಕ್ಷಮೆ ಕೇಳುವ ಪದ್ಧತಿ ಅಲ್ಲಿರಲಿಲ್ಲ. ಕೀಲಿ ಕೊಡು ಎಂದು ಲೋಕೇಶನಿಗೆ ಹೇಳಿ ತಮ್ಮ ಕೋಣೆಗೆ ಹೋದರು. ಲೋಕೇಶ ಎರಡು ಕೈಯಿಂದ ಕೊಟ್ಟ. ಮುನಿಯಪ್ಪನವರು ಅದನ್ನು ಕೊರಳಿಗೆ ಹಾಕಿಕೊಂಡು, ಹತ್ತು ದಿನದಿಂದ ಯಾರೂ ಒರೆಸದಿದ್ದ ಯಂತ್ರದ ಗಾಜನ್ನು ಒರೆಸುತ್ತಾ ನಿಂತರು. ಮುಂದಿನ ವಾರ ಟಿವಿಎಸ್ ಕೂಡ ಬಂತು. ನಾನು ಎಲ್ಲ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಮೊದಲು ಅವರು ಕೊರೆದ ಮೇಲೆ ಒಂದು ಸಲ ಅಳೆದು, ತುಂಡನ್ನು ಬಟ್ಟೆಯಿಂದ ಒರೆಸಿ ಕಳಿಸುತ್ತಿದ್ದರು. ಈಗ ಮೂರು ಸಲ ಅಳೆಯುತ್ತಿದ್ದರು. ಅಷ್ಟಾದ ಮೇಲೂ ಪಕ್ಕದ ಯಾರನ್ನಾದರೂ ಕರೆದು ಒಮ್ಮೆ ನೋಡು ಎನ್ನುತ್ತಿದ್ದರು. ಲೋಕೇಶ ಮೊದಮೊದಲು, ನಿಮ್ದೇನೂ ತಪ್ಪಿರ್ಲಿಲ್ಲ ಬಿಡಿ ಅಣ್ಣ, ಎಂದು ನೆನಪಿಸುತ್ತಿದ್ದ. ಆಮೇಲೆ ಸುಮ್ಮನೆ ಬಂದು ನೋಡಿ ಹೋಗುತ್ತಿದ್ದ. ತಪ್ಪು ತನ್ನದಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ಹನ್ನೊಂದು ದಿನ ಅವರು ತಮ್ಮ ಕಣ್ಣನ್ನು ನಂಬದೆ ಕಳೆದಿದ್ದರು. ಅದು ಅವರಿಂದ ಪೂರ್ತಿ ಹೋಗಲಿಲ್ಲ.

ನನಗಿಂತ ಎರಡು ವರ್ಷ ಮೊದಲು ಅವರು ನಿವೃತ್ತರಾದರು. ಕೊನೆಯ ದಿನ ಮಧ್ಯಾಹ್ನ ಕೆಳಗೆ ಹಾರ, ಮೈಸೂರ್ ಪಾಕು ಎಲ್ಲ ಸಿದ್ಧವಾಗುತ್ತಿತ್ತು. ನಮ್ಮ ಬಾಗಿಲಲ್ಲಿ ಶೂ ಕಳಚುವ ಸದ್ದು ಕೇಳಿ ಎದ್ದೆ. ಮುನಿಯಪ್ಪನವರು ಒಳಗೆ ಬಂದರು. ಅಂದು ಬೆಳಿಗ್ಗೆ ಕೊರೆದ, ತಗಡಿಗೆ ತೂತು ಹೊಡೆಯುವ ಒಂದು ಸಣ್ಣ ಪಂಚನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದರ ಮೇಲೆ ಇನ್ನೂ ಯಂತ್ರದ ನೀರಿನ ಪಸೆ ಇತ್ತು. ಅವರು ಮೂರು ಸಲ ಅಳೆದಿದ್ದಾರೆ, ಲೋಕೇಶನೂ ನೋಡಿದ್ದಾನೆ ಎಂದು ನನಗೆ ಗೊತ್ತಿತ್ತು. ಮೇಜಿನ ಮೇಲೆ ಇಟ್ಟು, “ನೀವೂ ಒಂದ್ಸಲ ನೋಡ್ಬುಡಿ ಅಮ್ಮಾ” ಅಂದರು.

ವರ್ನಿಯರ್ ತೆಗೆದೆ. ಚಿತ್ರದಲ್ಲಿದ್ದ ಅಳತೆಗಳನ್ನೆಲ್ಲ ಒಂದೊಂದಾಗಿ, ಗಟ್ಟಿಯಾಗಿ ಓದುತ್ತಾ ಅಳೆದೆ. ಒಂದನ್ನೂ ಬಿಡಲಿಲ್ಲ. ಅವರು ಬರಿಗಾಲಲ್ಲಿ ಪಕ್ಕದಲ್ಲಿ ನಿಂತು ಪ್ರತಿಯೊಂದಕ್ಕೂ ಹೂಂ ಎನ್ನುತ್ತಿದ್ದರು. ಎಲ್ಲ ಸರಿಯಾಗಿತ್ತು. ಸರಿ ಇದೆ ಎಂದು ನಾನು ಹೇಳಿದ ಮೇಲೆಯೇ ಅವರು ಪಂಚನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಹಾರ ಹಾಕಿಸಿಕೊಳ್ಳಲು ಕೆಳಗಿಳಿದು ಹೋದರು.